ಬಾಡಿಗೆ ಚಪ್ಪಾಳೆ

ಪಿಯಾನ್‌ಸೆಕ್ಕೊ, ಜೂನ್ 28, 1983

ಪ್ರೀತಿಯ ಒರ್ನೆಲ್ಲಾ,

ಕಾಗದ ಬೇಡ, ಫೋನ್ ಮಾಡಲಿ ಎಂದು ಅಮ್ಮನಿಗೆ ಹೇಳಿ ಹೋದೆಯಂತೆ. ಊರಿಗೆ ಇರುವ ಒಂದೇ ಫೋನು ನೆಲ್ಲೊನ ಬಾರಿನಲ್ಲಿದೆ. ನಾನು ಅಲ್ಲಿ ಬಾಯಿ ತೆರೆದರೆ ಇಸ್ಪೀಟಾಡುವವರೆಲ್ಲ ಎಲೆ ಕೆಳಗಿಟ್ಟು ಕಿವಿ ನಿಮಿರಿಸುತ್ತಾರೆ. ಹೋದ ಸಲ ನಿನ್ನ ಜೊತೆ ಮಾತಾಡಿ ಫೋನಿಟ್ಟ ಮೇಲೆ, ನಾನು ಏನು ಹೇಳಲು ಮರೆತೆ ಎಂಬುದನ್ನು ನೆಲ್ಲೊನೇ ನೆನಪಿಸಿದ. ಆದ್ದರಿಂದ ಕಾಗದವೇ ಸರಿ.

ರೊಕ್ಕಫೊಸ್ಕಾದಲ್ಲಿ ಕೋಣೆ ಸಿಕ್ಕಿತೇ? ನೀವು ಒಪೆರಾ ಹಾಡುವ ಕೋಟೆಯ ಅಂಗಳದಲ್ಲಿ ಸಂಜೆ ಗಾಳಿ ತಣ್ಣಗಿರುತ್ತದೆ, ಬಿಸಿಲು ಇದೆ ಎಂದು ಕುತ್ತಿಗೆ ಬಿಟ್ಟುಕೊಂಡು ಓಡಾಡಬೇಡ. ಜೇನುತುಪ್ಪ ಕಳಿಸಿದ್ದೇನೆ.

ಇಷ್ಟು ವರ್ಷ ರೈಲು ಓಡಿಸಿದವನು ಈಗ ಜನರನ್ನು ನಡೆಸುತ್ತಿದ್ದೇನೆ. ಪರದೇಶದಿಂದ ಗುಡ್ಡ ಸುತ್ತಲು ಬರುವವರ ಈ ಬೇಸಿಗೆಯ ಮೊದಲ ತಂಡ ಹೋದ ವಾರ ಬಂದಿತ್ತು. ಹಗಲು ಗುಡ್ಡ, ಸಂಜೆ ಸಂಗೀತ, ನಡುವೆ ನಿನ್ನ ಅಮ್ಮ ಕಟ್ಟಿಕೊಟ್ಟ ಸೊಪ್ಪಿನ ರೊಟ್ಟಿ. ಒಪೆರಾ ಎಂದರೆ ಪ್ರಾಣ ಬಿಡುವ ಜನ, ಆದರೆ ಏರು ಬಂದರೆ ಉಸಿರು ಬಿಡುತ್ತಾರೆ. ಅವರ ದೇಶದಲ್ಲಿ ಹಾಡು ಹಿಡಿಸಿದರೆ ಸಿಳ್ಳೆ ಹೊಡೆಯುತ್ತಾರಂತೆ. ನಮ್ಮಲ್ಲಿ ಸಿಳ್ಳೆ ಎಂದರೆ ಮುಖಕ್ಕೆ ಉಗಿದ ಹಾಗೆ ಎಂದು ನಾನು ಮೊದಲ ದಿನವೇ ಪಾಠ ಮಾಡಿದೆ. ಕೋಟೆಯ ಮೇಲಿನ ಮೆಟ್ಟಿಲಲ್ಲಿ ಕೂರುವವರು ನಾವು, ತಪ್ಪು ಸ್ವರಕ್ಕೆ ಸಿಳ್ಳೆ, ಒಳ್ಳೆಯ ಸ್ವರಕ್ಕೆ ಚಪ್ಪಾಳೆ, ದಾಕ್ಷಿಣ್ಯ ಇಲ್ಲ ಎಂದೆ. ಕಾಸು ಕೊಟ್ಟು ಚಪ್ಪಾಳೆ ತಟ್ಟಿಸುವ ಹಾಡುಗಾರರೂ ಇದ್ದಾರಂತೆ, ಹೌದೇ ಎಂದು ಒಬ್ಬಾಕೆ ಕೇಳಿದಳು. ಅಂಥ ಬಾಡಿಗೆ ಚಪ್ಪಾಳೆಗಿಂತ ಕೊಳೆತ ಟೊಮೆಟೊ ವಾಸಿ ಎಂದೆ. ಬರೆದುಕೊಂಡಳು.

ಜುಲೈ ತಂಡವನ್ನು ನಿನ್ನ ಮೊದಲ ಪ್ರದರ್ಶನಕ್ಕೆ ಕರೆತರುತ್ತೇನೆ. ಅಮ್ಮ ಹೊಸ ಉಡುಪು ಹೊಲಿಸುತ್ತಿದ್ದಾಳೆ. ನಾನು ಯಾವಾಗಲೂ ಕೂರುವಲ್ಲೇ, ನೆಲ್ಲೊನ ಪಕ್ಕದಲ್ಲಿ.

ನಿನ್ನ ಅಪ್ಪ,
ಅದೆಲ್ಮೊ

*

ರೊಕ್ಕಫೊಸ್ಕಾ, ಜುಲೈ 8

ಪ್ರೀತಿಯ ಅಪ್ಪ,

ಜೇನುತುಪ್ಪ ಬಂತು. ಮನೆ ಒಡತಿಯೇ ಅರ್ಧ ತಿಂದಳು. ಅವಳ ಕಂಠ ಈಗ ನನ್ನದಕ್ಕಿಂತ ಚೆನ್ನಾಗಿದೆ.

ತಾಲೀಮು ಚೆನ್ನಾಗಿ ನಡೆಯುತ್ತಿದೆ. ನಮ್ಮ ವಾದ್ಯವೃಂದ ನಡೆಸುವ ಮಾಯೆಸ್ತ್ರೊ ಕಡಿಮೆ ಮಾತಿನವರು. ಸರಿ ಇದ್ದರೆ ಏನೂ ಹೇಳುವುದಿಲ್ಲ, ತಪ್ಪಿದರೆ ಕನ್ನಡಕ ತೆಗೆದು ಒರೆಸುತ್ತಾರೆ. ನಿನ್ನೆ ಒಂದು ಸಲವೂ ಒರೆಸಲಿಲ್ಲ. ಚಳಿಗಾಲಕ್ಕೆ ನಗರದ ದೊಡ್ಡ ರಂಗಮಂದಿರಕ್ಕೆ ಇಲ್ಲಿಂದ ಒಬ್ಬಳನ್ನು ಕರೆದೊಯ್ಯುತ್ತಾರಂತೆ. ಯಾರನ್ನು ಎಂಬುದು ಇಲ್ಲಿನ ಎರಡು ಪ್ರದರ್ಶನ ನೋಡಿ ತೀರ್ಮಾನ. ಯಾರಿಗೂ ಹೇಳಬೇಡ. ಅಂದರೆ ನೆಲ್ಲೊನಿಗೆ ಹೇಳಬೇಡ.

ಮೂರನೇ ಅಂಕದ ಪ್ರಾರ್ಥನೆಯಲ್ಲಿ ಮಾಯೆಸ್ತ್ರೊ ಹೊಸದೊಂದು ಸೇರಿಸಿದ್ದಾರೆ. ಅದೇನೆಂದು ಹೇಳುವುದಿಲ್ಲ. ನೀನು ಬಂದು ಕೇಳಬೇಕು. ನಿನಗೆ ಗೊತ್ತಿಲ್ಲದ್ದು ಒಂದಾದರೂ ನನ್ನಲ್ಲಿ ಇರಲಿ.

ಒಂದು ಮಾತು ಕೇಳಲೇ? ಜೂನಿನಲ್ಲಿ ಮನೆಗೆ ಬಂದಾಗ ನಾನು ಬಟ್ಟೆ ಒಗೆಯುವ ಕೊಟ್ಟಿಗೆಯಲ್ಲಿ ಅದೇ ಪ್ರಾರ್ಥನೆ ಅಭ್ಯಾಸ ಮಾಡುತ್ತಿದ್ದೆ. ಆ ಮೇಲಿನ ಸ್ವರ ಒಡೆಯಿತು. ಮತ್ತೆ ಹಾಡಿದೆ, ಮತ್ತೆ ಒಡೆಯಿತು. ನೀನು ಬಾಗಿಲಲ್ಲಿ ನಿಂತಿದ್ದೆ. ನಾನು ತಿರುಗುವಷ್ಟರಲ್ಲಿ ನೀನು ಕೋಳಿಗೆ ಕಾಳು ಹಾಕಲು ಹೋಗಿದ್ದೆ. ನಮ್ಮ ಕೋಳಿಗಳಿಗೆ ಆಗ ತಾನೇ ಅಮ್ಮ ಕಾಳು ಹಾಕಿದ್ದಳು.

ಏನನ್ನಿಸಿತು ಅಪ್ಪ? ಊರಿನವರಿಗೆಲ್ಲ ಮುಖದ ಮೇಲೆ ಹೇಳುತ್ತೀಯ. ನನಗೂ ಹೇಳು. ಅಲ್ಲಿ ಒಡೆದರೆ ಸಿಳ್ಳೆ ಹೊಡೆಯುತ್ತೀಯಾ?

ನಿನ್ನ,
ಒರ್ನೆಲ್ಲಾ

*

ಪಿಯಾನ್‌ಸೆಕ್ಕೊ, ಜುಲೈ 15

ಪ್ರೀತಿಯ ಮಗಳೇ,

ಕೋಳಿಗಳಿಗೆ ಎಷ್ಟು ಹಾಕಿದರೂ ಸಾಲದು, ನಿನಗೆ ಗೊತ್ತಿಲ್ಲವೇ?

ಹೊಸ ತಂಡ ಬಂದಿದೆ. ಹೆಚ್ಚಿನವರು ಡಚ್ಚರು, ಒಳ್ಳೆಯ ಜನ, ಹೇಳಿದ ಮಾತು ಕೇಳುತ್ತಾರೆ. ಬೆಂಚಿಗೆ ಹಾಸಿಕೊಳ್ಳಲು ದಿಂಬು ಹೊತ್ತು ಗುಡ್ಡ ಹತ್ತುತ್ತಾರೆ. ಇವತ್ತು ಚೆಸ್ಟ್‌ನಟ್ ತೋಪಿನಲ್ಲಿ ತುಂಬ ಹೊತ್ತು ಕೂತಿದ್ದೆವು. ನೆರಳು ಚೆನ್ನಾಗಿತ್ತು.

ನೀನು ಹಾಡಿನ ಕಡೆ ಗಮನ ಕೊಡು, ಮಿಕ್ಕಿದ್ದು ನನಗೆ ಬಿಡು. ಎಲ್ಲ ಚೆನ್ನಾಗಿ ಆಗುತ್ತದೆ.

ನಿನ್ನ ಅಪ್ಪ,
ಅದೆಲ್ಮೊ

*

ರೊಕ್ಕಫೊಸ್ಕಾ, ಜುಲೈ 25

ಅಪ್ಪ,

ಪ್ರದರ್ಶನ ಮುಗಿದ ಮೇಲೆ ನಿನ್ನನ್ನೂ ಅಮ್ಮನನ್ನೂ ನೋಡದೆ ಹಿಂಬಾಗಿಲಿನಿಂದ ಹೋಗಿಬಿಟ್ಟೆ, ಕ್ಷಮಿಸು. ಯಾರಿಗೂ ಮುಖ ತೋರಿಸಬೇಕೆನ್ನಿಸಲಿಲ್ಲ. ಇವತ್ತೂ ಅನ್ನಿಸುತ್ತಿಲ್ಲ. ಮನೆ ಒಡತಿ ಸೂಪು ತಂದು ಬಾಗಿಲ ಹೊರಗೆ ಇಟ್ಟು ಹೋಗುತ್ತಾಳೆ, ಮನೆಯಲ್ಲಿ ಯಾರೋ ಸತ್ತಿರುವ ಹಾಗೆ.

ಆ ಸ್ವರ ಒಡೆಯಲಿಲ್ಲ. ಅದನ್ನು ನೀನು ಕೇಳಿದೆಯೋ ಇಲ್ಲವೋ ತಿಳಿಯದು, ಅದಕ್ಕೇ ಬರೆಯುತ್ತಿದ್ದೇನೆ. ಒಡೆಯಲಿಲ್ಲ ಅಪ್ಪ. ಅದು ಮೇಲೆ ಹೋಗಿ ನಿಂತಿತು, ನಾನೇ ಬೆರಗಾದೆ. ಅದಾದ ಮೇಲೆ ಮೌನ. ಮಾಯೆಸ್ತ್ರೊ ಸೇರಿಸಿದ್ದು ಅದೇ. ವಾದ್ಯವೂ ಇಲ್ಲ, ನಾನೂ ಇಲ್ಲ, ಕೋಟೆಯ ಮೇಲೆ ಬಾನಕ್ಕಿಗಳು ಮಾತ್ರ. ಆಮೇಲೆ ಕೊನೆಯ ಸಾಲನ್ನು ಉಸಿರಿನಷ್ಟು ಮೆಲ್ಲಗೆ ಹಾಡಬೇಕಿತ್ತು. ಅದಕ್ಕಾಗಿ ತಿಂಗಳಿಡೀ ಬೆವರು ಹರಿಸಿದ್ದೆ.

ಆ ಮೌನದೊಳಕ್ಕೆ ನಿನ್ನ ನಡಿಗೆಯವರು ಚಪ್ಪಾಳೆ ಸುರಿದರು. ಎದ್ದು ನಿಂತರು. ಬೂಟುಗಾಲಲ್ಲಿ ಕಲ್ಲು ಕುಟ್ಟಿದರು. ‘ಬ್ರಾವಾ, ಬ್ರಾವಾ’ ಎಂದು ಎಲ್ಲರೂ ಒಟ್ಟಿಗೆ, ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ. ಮೇಲಿನ ಮೆಟ್ಟಿಲಿನಿಂದ ಸಿಳ್ಳೆ ಶುರುವಾಯಿತು. ಚಪ್ಪಾಳೆಗೆ ಸಿಳ್ಳೆಯೋ, ನನಗೆ ಸಿಳ್ಳೆಯೋ, ವೇದಿಕೆಯ ಮೇಲೆ ನಿಂತವಳಿಗೆ ಹೇಗೆ ಗೊತ್ತಾಗಬೇಕು? ಕೊನೆಯ ಸಾಲು ಎಲ್ಲಿಂದ ಹಿಡಿಯಬೇಕೆಂದೇ ತಿಳಿಯಲಿಲ್ಲ. ಹಿಡಿದೆ, ತಪ್ಪಾಗಿ ಹಿಡಿದೆ. ಆಮೇಲಿನ ಸಿಳ್ಳೆ ನನಗೇ.

ಮಾರನೆಯ ದಿನ ಮಾಯೆಸ್ತ್ರೊ ಕರೆಸಿದರು. ಕನ್ನಡಕ ಒರೆಸುತ್ತಲೇ ಕೇಳಿದರು, “ಹುಡುಗೀ, ನಿಜ ಹೇಳು. ಅವರನ್ನ ಕರೆಸಿದ್ದು ನೀನಾ?”

“ಇಲ್ಲ,” ಎಂದೆ. “ಅವ್ರು ನಮ್ಮಪ್ಪನ ಜೊತೆ ಗುಡ್ಡ ನೋಡೋಕೆ ಬಂದೋರು. ಖುಷಿ ತಡೀಲಾರ್ದೆ ತಟ್ಟಿರ್ಬೇಕು.”

“ಖುಷಿ ಅಷ್ಟು ತಾಳಬದ್ಧವಾಗಿ ಬರಲ್ಲ,” ಎಂದರು.

ಊರಲ್ಲಿ ನನಗೆ ಈಗ ಹೊಸ ಹೆಸರು ಬಿದ್ದಿದೆ, ‘ಬಾಡಿಗೆ ಬ್ರಾವಾ’. ತರಕಾರಿ ಅಂಗಡಿಯವಳು ನಗುತ್ತಾ ಟೊಮೆಟೊ ತೂಗಿದಳು. ಆಗಸ್ಟಿನ ಪ್ರದರ್ಶನಕ್ಕೆ ನನ್ನ ಬದಲು ಬೇರೊಬ್ಬಳನ್ನು ಹಾಡಿಸುವ ಮಾತು ನಡೆದಿದೆ.

ನೀನು ಅವರ ಜೊತೆ ನಡೆದವನು. ಯಾರು ಹೀಗೆ ಮಾಡಿಸಿದರು ಅಪ್ಪ? ನನ್ನ ಮೇಲೆ ಯಾರಿಗೆ ಅಷ್ಟು ಹಗೆ? ವಿಚಾರಿಸಿ ಬರೆ.

ಒರ್ನೆಲ್ಲಾ

*

ಪಿಯಾನ್‌ಸೆಕ್ಕೊ, ಜುಲೈ 28

ಪ್ರೀತಿಯ ಮಗಳೇ,

ಯಾರಿಗೂ ಹಗೆ ಇಲ್ಲ. ಪರದೇಶದ ಜನ, ಅವರಿಗೇನು ಗೊತ್ತು? ದಿನವಿಡೀ ನಡೆದು ದಣಿದಿದ್ದರು, ಹೊಟ್ಟೆಗೆ ವೈನ್ ಬೇರೆ ಬಿದ್ದಿತ್ತು. ಒಬ್ಬ ತಟ್ಟಿದರೆ ಎಲ್ಲರೂ ತಟ್ಟುತ್ತಾರೆ. ಮಾಯೆಸ್ತ್ರೊಗೆ ಹಾಗೆಂದೇ ಹೇಳು. ದೊಡ್ಡ ಮನಸ್ಸಿನವರು, ಮರೆಯುತ್ತಾರೆ.

ಮೌನದ ವಿಷಯ ನೀನು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಊಟ ಬಿಡಬೇಡ.

ಅಪ್ಪ

*

ರೊಕ್ಕಫೊಸ್ಕಾ, ಆಗಸ್ಟ್ 4

ಅಪ್ಪ,

ಇವತ್ತು ಬ್ರೆಡ್ಡಿನ ಅಂಗಡಿಯಲ್ಲಿ ಒಬ್ಬ ಎತ್ತರದ ಡಚ್ ಹೆಂಗಸು ನನ್ನ ಕೈ ಹಿಡಿದುಕೊಂಡಳು. ನಿನ್ನ ತಂಡದವಳು, ಕೊರ್ನೇಲಿಯಾ ಎಂದು ಹೆಸರು. ಎರಡನೇ ಪ್ರದರ್ಶನ ಕೇಳಿಯೇ ಊರಿಗೆ ಹೋಗುವುದೆಂದು ಇಲ್ಲೇ ಉಳಿದಿದ್ದಾಳೆ. ರಾತ್ರಿ ಶಾಲೆಯಲ್ಲಿ ನಮ್ಮ ಭಾಷೆ ಕಲಿತವಳು, ತಡವರಿಸಿದರೂ ಚೆನ್ನಾಗಿ ಮಾತಾಡುತ್ತಾಳೆ.

“ನಾವು ಸರಿಯಾಗಿ ತಟ್ಟಿದ್ವಾ?” ಎಂದು ಕೇಳಿದಳು. ಪಾಪ, ಕಣ್ಣಲ್ಲಿ ನೀರು ತುಂಬಿತ್ತು.

“ಸರಿಯಾಗಿ ಅಂದ್ರೆ?”

“ನಿಮ್ಮ ತಂದೆ ಹೇಳ್ಕೊಟ್ಟ ಹಾಗೆ. ಆ ತೋಪಿನಲ್ಲಿ ಅಷ್ಟೊಂದು ಸಲ ಅಭ್ಯಾಸ ಮಾಡಿಸಿದ್ರು. ಅವರೇ ಆ ಹಾಡು ಹಾಡಿ, ಮೇಲಿನ ಸ್ವರ ಮುಗಿದು ತಮ್ಮ ಕೋಲು ಕೆಳಗಿಳಿಸಿದ ತಕ್ಷಣ ತಟ್ಬೇಕು, ಒಂದು ಉಸಿರಿನಷ್ಟೂ ಜಾಗ ಬಿಡ್ಬಾರ್ದು ಅಂದ್ರು. ಇದು ಇಲ್ಲಿನ ಪದ್ಧತಿ, ಹಾಡೋರಿಗೆ ಮರ್ಯಾದೆ ಅಂದ್ರು. ನಾನು ಸ್ವಲ್ಪ ತಡವಾಗಿ ಎದ್ದೆ, ನನ್ನ ಮಂಡಿ ನೋವು. ನನ್ನಿಂದಲೇ ಕೆಟ್ಟಿತೇನೋ ಅಂತ ಅವತ್ತಿಂದ ನಿದ್ದೆ ಇಲ್ಲ.”

“ಇಲ್ಲ ಅಮ್ಮಾ, ನೀವು ಸರಿಯಾಗೇ ತಟ್ಟಿದ್ರಿ,” ಎಂದೆ. ಅಂಗಡಿಯಲ್ಲಿ ಇದ್ದವರೆಲ್ಲ ಕೇಳಿಸಿಕೊಂಡರು. ಬ್ರೆಡ್ಡು ತೆಗೆದುಕೊಳ್ಳದೆ ಬಂದೆ.

ನೀನು ವೈನಿನ ಮೇಲೆ ಹಾಕಿದೆ. ಮಂಡಿ ನೋವಿನ ಮುದುಕಿಯ ಮೇಲೆ ಹಾಕಿದೆ. ಮೌನದ ವಿಷಯ ಹೇಳಲಿಲ್ಲ ಎಂದು ನನ್ನ ಮೇಲೂ ಹಾಕಿದೆ.

ನನಗೆ ನಾಚಿಕೆಯಾಗುತ್ತಿದೆ. ಜನ ನಗುವುದಕ್ಕಲ್ಲ. ಚಿಕ್ಕಂದಿನಿಂದ ನಾನು ಎಲ್ಲಿ ಹಾಡಿದರೂ ನಿನ್ನ ಮುಖ ನೋಡುತ್ತಿದ್ದೆ. ಮಿಕ್ಕವರು ಎಷ್ಟು ಹೊಗಳಿದರೂ ನೀನು ತಲೆಯಾಡಿಸಿದರೆ ಮಾತ್ರ ನಂಬುತ್ತಿದ್ದೆ. ಈ ಸಲ ನೀನು ನನ್ನನ್ನು ಕೇಳುವ ಮೊದಲೇ ತೀರ್ಪು ಕೊಟ್ಟಿದ್ದೆ. ಇವಳ ಕೈಲಾಗುವುದಿಲ್ಲ, ಮುಚ್ಚಿಬಿಡೋಣ ಎಂದು. ಕೊಳೆತ ಟೊಮೆಟೊ ಹೊಡೆದಿದ್ದರೆ ತೊಳೆದುಕೊಳ್ಳುತ್ತಿದ್ದೆ.

ನಾನು ಮಾಯೆಸ್ತ್ರೊಗೆ ಹೇಳುವುದಿಲ್ಲ. ಅಪ್ಪನನ್ನು ತೋರಿಸಿ ತಪ್ಪಿಸಿಕೊಂಡವಳು ಎನ್ನಿಸಿಕೊಳ್ಳಲಾರೆ. ಹೇಳಬೇಕಾದವನು ನೀನು.

ಒರ್ನೆಲ್ಲಾ

*

ಪಿಯಾನ್‌ಸೆಕ್ಕೊ, ಆಗಸ್ಟ್ 12

ಮಗಳೇ,

ನಾನು ಕಾಗದ ಬರೆಯುವವಳಲ್ಲ, ನಿನಗೆ ಗೊತ್ತು. ಆದರೆ ನಿನ್ನ ಅಪ್ಪ ಇದನ್ನು ಬರೆಯುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ದಿನ ಅವನು ಅದನ್ನು ಓದಿ ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಏನಂತೆ ಎಂದೆ. ಚೆನ್ನಾಗಿದ್ದಾಳಂತೆ ಎಂದ. ಊಟ ಮಾಡಲಿಲ್ಲ. ಮಾರನೆಯ ದಿನವೂ ಮಾಡಲಿಲ್ಲ. ಆಗ ನಾನು ಜೇಬಿಗೆ ಕೈ ಹಾಕಿದೆ. ಇಷ್ಟು ವರ್ಷದ ಸಂಸಾರದಲ್ಲಿ ಅವನ ಜೇಬಿಗೆ ಕೈ ಹಾಕಿದವಳಲ್ಲ ನಾನು.

ಓದಿ ಹೇಳಿದೆ, “ಎದ್ದು ಹೋಗು.”

“ಏನಂತ ಹೇಳ್ಲಿ?” ಎಂದ.

“ತಂಡಕ್ಕೆ ಹೇಳಿಕೊಡುವಾಗ ಬಾಯಿ ಇತ್ತಲ್ಲ, ಅದನ್ನೇ ತಗೊಂಡು ಹೋಗು,” ಎಂದೆ.

ಈ ಸುಡುಬಿಸಿಲಲ್ಲಿ ಮದುವೆಯ ಸೂಟು ಹಾಕಿಕೊಂಡು ಬಸ್ಸು ಹತ್ತಿದ. ಗುಂಡಿ ಹಾಕಲು ಆಗಲಿಲ್ಲ. ಮಾಯೆಸ್ತ್ರೊ ಕೋಟೆಯಲ್ಲಿ ಇರಲಿಲ್ಲವಂತೆ, ಚೌಕದ ಕಾಫಿ ಅಂಗಡಿಯಲ್ಲಿ ವಾದ್ಯದವರ ಜೊತೆ ಕೂತಿದ್ದರಂತೆ. ಒಬ್ಬರೇ ಸಿಗುವ ತನಕ ಕಾಯಬಹುದಿತ್ತು. ಕಾಯಲಿಲ್ಲ. ಎಲ್ಲರ ಮುಂದೆ ಟೋಪಿ ತೆಗೆದು ಹೇಳಿದ. ರೊಕ್ಕಫೊಸ್ಕಾದ ನೆಂಟರ ಮನೆಗೆ ಹೋಗಿದ್ದ ನೆಲ್ಲೊ ಅಲ್ಲೇ ಇದ್ದ. ಅವನೇ ಬಂದು ಹೇಳಿದ್ದು.

“ನನ್ನ ಮಗಳಿಗೆ ಏನೂ ಗೊತ್ತಿಲ್ಲ ಸ್ವಾಮಿ. ಚಪ್ಪಾಳೆ ಹೊಂಚಿದೋನು ನಾನು,” ಎಂದನಂತೆ.

ಮಾಯೆಸ್ತ್ರೊ ಕೇಳಿದರಂತೆ, “ಮೇಲಿನ ಮೆಟ್ಟಿಲಿನ ಅದೆಲ್ಮೊ ಅಂದ್ರೆ ನೀವೇನಾ? ಹಾಡೋರೆಲ್ಲ ನಿಮ್ಮ ಹೆಸರು ಕೇಳಿದ್ರೆ ನಡುಗ್ತಾರಲ್ಲ?”

“ಹೌದು, ನಾನೇ,” ಎಂದನಂತೆ.

ವಾದ್ಯದವರಲ್ಲಿ ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟಿದರಂತೆ. ಇನ್ನೊಬ್ಬ ತಟ್ಟಿದ. ಮೇಜಿನ ಸುತ್ತ ಎಲ್ಲರೂ ತಟ್ಟಿದರಂತೆ, ತಾಳಬದ್ಧವಾಗಿ, ನಗುತ್ತಾ. ಇವನು ಟೋಪಿ ಹಿಡಿದುಕೊಂಡು ಅದು ಮುಗಿಯುವ ತನಕ ನಿಂತಿದ್ದನಂತೆ. ನೆಲ್ಲೊ ಇದನ್ನು ಹೇಳುವಾಗ ನಗಲಿಲ್ಲ. ಬಾರಿನಲ್ಲೂ ಯಾರಿಗೂ ಹೇಳಿಲ್ಲ. ಅವನ ಆಯುಸ್ಸಿನಲ್ಲಿ ಬಾಯಿ ಮುಚ್ಚಿಕೊಂಡದ್ದು ಇದೇ ಮೊದಲು.

ನಿನ್ನನ್ನೇ ಹಾಡಿಸುತ್ತಾರೆ ಎಂದು ತಿಳಿಯಿತು. ಚೆನ್ನಾಗಿ ಹಾಡು. ನಿನ್ನ ಅಪ್ಪನನ್ನು ಕ್ಷಮಿಸು ಎಂದು ನಾನು ಹೇಳುವುದಿಲ್ಲ, ಅದು ನಿಮ್ಮಿಬ್ಬರಿಗೆ ಬಿಟ್ಟದ್ದು. ಹೊಟ್ಟೆಗೆ ಇಳಿಯುವಂಥದ್ದು ಏನಾದರೂ ತಿನ್ನು.

ಅಮ್ಮ

*

ರೊಕ್ಕಫೊಸ್ಕಾ, ಆಗಸ್ಟ್ 22

ಅಪ್ಪ,

ಚೌಕದಲ್ಲಿ ನಡೆದದ್ದನ್ನು ಅಮ್ಮ ಬರೆದಳು. ಆ ಮೇಜಿನಲ್ಲಿ ಕೂತಿದ್ದವರ ಜೊತೆಯೇ ನಾನು ಹಾಡಬೇಕಾಗಿತ್ತು, ಹಾಡಿದೆ. ಅವರ ಮುಖ ನೋಡಲಿಲ್ಲ. ನಿನಗೆ ಹೋಗು ಎಂದು ಬರೆದವಳು ನಾನೇ. ಆದರೆ ನೀನು ಅಲ್ಲಿ ಹಾಗೆ ನಿಂತಿದ್ದೆ ಎಂದು ಓದಿದಾಗ ಯಾಕಾದರೂ ಬರೆದೆನೋ ಅನ್ನಿಸಿತು.

ಶನಿವಾರ ಹಾಡು ಮುಗಿದಾಗ ಎಲ್ಲರೂ ಎದ್ದರು. ಮಾಯೆಸ್ತ್ರೊ ಕೋಲು ಕೆಳಗಿಟ್ಟು ನನ್ನ ಕಡೆ ನೋಡಿದರು. ನಾನು ಮೇಲಿನ ಮೆಟ್ಟಿಲು ನೋಡಿದೆ. ದೀಪದ ಬೆಳಕು ಅಲ್ಲಿಗೂ ಬೀಳುತ್ತಿತ್ತು. ನೆಲ್ಲೊ ನಿಂತಿದ್ದ. ಅವನ ಪಕ್ಕದಲ್ಲಿ ನೀನೊಬ್ಬನೇ ಕೂತಿದ್ದೆ. ಕೈ ಆಡಿಸಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಮಾಯೆಸ್ತ್ರೊ ಚಳಿಗಾಲಕ್ಕೆ ಬಾ ಎಂದಿದ್ದಾರೆ. ಇನ್ನೂ ಒಪ್ಪಿಕೊಂಡಿಲ್ಲ. ಅವರು ಕರೆಯುವುದು ಹಾಡಿಗೋ, ನಿನ್ನ ಮೇಲಿನ ಕನಿಕರಕ್ಕೋ ತಿಳಿಯುತ್ತಿಲ್ಲ. ಎದ್ದು ನಿಂತವರನ್ನೆಲ್ಲ ನಂಬಲೋ, ಕೂತವನನ್ನು ನಂಬಲೋ?

ಚೆನ್ನಾಗಿರಲಿಲ್ಲವೇ ಅಪ್ಪ? ಈ ಸಲ ಕೋಳಿಯ ಕಡೆ ಹೋಗಬೇಡ.

ಒರ್ನೆಲ್ಲಾ

*

ಪಿಯಾನ್‌ಸೆಕ್ಕೊ, ಆಗಸ್ಟ್ 29

ಮಗಳೇ,

ಈ ಕಾಗದವನ್ನು ಶುರು ಮಾಡಿ ಹರಿದದ್ದೇ ಹೆಚ್ಚು. ನಿನ್ನ ಅಮ್ಮ ಒಲೆಗೆ ಸಾಕಾಗುವಷ್ಟು ಆಯಿತು ಎಂದಳು.

ನೀನು ಅಂದುಕೊಂಡಿದ್ದೀಯ, ನಿನ್ನ ಕೈಲಾಗುವುದಿಲ್ಲ ಎಂದು ನಾನು ಹೆದರಿದೆ ಎಂದು. ಅಷ್ಟೇ ಆಗಿದ್ದರೆ ಅಪ್ಪನ ಹೆದರಿಕೆ ಎಂದು ನೀನು ಹೇಗೋ ನುಂಗಿಕೊಳ್ಳುತ್ತಿದ್ದೆ. ನಾನು ಹೆದರಿದ್ದು ನನಗಾಗಿ. ನೆಲ್ಲೊನ ಪಕ್ಕ ಕೂತು, ಇಷ್ಟು ವರ್ಷ ಯಾರ ಮಗಳೆಂದೂ ನೋಡದೆ ಸಿಳ್ಳೆ ಹೊಡೆದವನು ನಾನು. ನಿನ್ನ ಸ್ವರ ಒಡೆದರೆ ಎಲ್ಲರೂ ತಿರುಗಿ ನನ್ನನ್ನು ನೋಡುತ್ತಾರೆ. ಸಿಳ್ಳೆ ಹೊಡೆದರೆ ನಾನು ಅಪ್ಪನಲ್ಲ. ಹೊಡೆಯದಿದ್ದರೆ ಇಷ್ಟು ದಿನ ಹೊಡೆದದ್ದೆಲ್ಲ ಬರೀ ಪೌರುಷ. ಆ ಹೊತ್ತು ಬರಲೇಬಾರದು ಎಂದು ಚಪ್ಪಾಳೆ ತುಂಬಿಸಿಟ್ಟೆ. ನಿನ್ನ ಮಾನಕ್ಕಲ್ಲ ಮಗಳೇ, ಆ ಮೆಟ್ಟಿಲ ಮೇಲಿನ ನನ್ನ ಮಾನಕ್ಕೆ. ಇದನ್ನು ಬರೆಯುವಾಗ ನನ್ನ ಮುಖ ಉರಿಯುತ್ತಿದೆ.

ಚೌಕದಲ್ಲಿ ಅವರು ನಕ್ಕದ್ದು ದೊಡ್ಡದಲ್ಲ. ನನಗೆ ಸಲ್ಲಬೇಕಾದದ್ದೇ ಸಂದಿತು. ಕನಿಕರದ ಮಾತು ಬಿಡು. ಆ ಮನುಷ್ಯ ನನ್ನನ್ನು ಕೂತುಕೊಳ್ಳಿ ಎಂದು ಕೂಡ ಹೇಳಲಿಲ್ಲ.

ಶನಿವಾರದ ಸಂಗತಿ. ಮೇಲಿನ ಸ್ವರ ಬಂತು. ಮೌನ ಬಂತು. ಇಡೀ ಕೋಟೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ನೀನು ಆ ಕೊನೆಯ ಸಾಲು ಹಾಡಿದೆ. ನೆಲ್ಲೊ ನನ್ನ ತೋಳು ಹಿಡಿದುಕೊಂಡ, ಉಗುರು ನಾಟುವ ಹಾಗೆ. ಮುಗಿದ ತಕ್ಷಣ ನನ್ನ ಕೈಗಳು ಎದ್ದವು. ನಾನು ಎತ್ತಲಿಲ್ಲ, ತಾವಾಗಿಯೇ ಎದ್ದವು. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಗಂಡ ಹೆಂಡತಿ ತಿರುಗಿ ನನ್ನ ಕೈ ನೋಡಿದರು. ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಇನ್ನೂ ತಟ್ಟಲು ಶುರು ಮಾಡಿರಲಿಲ್ಲ. ನಾನು ಮೊದಲು ತಟ್ಟಿದರೆ ಅದು ಬಾಡಿಗೆಯದ್ದಾಗುತ್ತಿತ್ತು. ಆಮೇಲೆ ಯಾರು ತಟ್ಟಿದರೂ ಅದಕ್ಕೆ ನನ್ನ ಮೈಲಿಗೆ ತಾಗುತ್ತಿತ್ತು.

ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತೆ.

“ಏಳೋ ಮಾರಾಯ, ನಿನ್ ಮಗಳು ಕಣೋ,” ಎಂದ ನೆಲ್ಲೊ. ಅವನ ಮೀಸೆಯೆಲ್ಲ ಒದ್ದೆಯಾಗಿತ್ತು. ನಾನು ಏಳಲಿಲ್ಲ. ನಿನ್ನ ಕಡೆ ನೋಡಿದ್ದರೆ ಎದ್ದುಬಿಡುತ್ತಿದ್ದೆ, ಆದ್ದರಿಂದ ನೋಡಲಿಲ್ಲ.

ಚೆನ್ನಾಗಿರಲಿಲ್ಲವೇ ಎಂದು ಕೇಳಿದ್ದೀಯ. ಉತ್ತರ ನನ್ನ ಹತ್ತಿರ ಇದೆ. ಆದರೆ ಅದನ್ನು ನಾನು ಬರೆದರೆ ನೀನು ಇನ್ನೊಂದು ಸಲ ಓದುತ್ತೀಯ, ಇದರ ಹಿಂದೆ ಏನಿದೆ ಎಂದು ತಿರುಗಿಸಿ ನೋಡುತ್ತೀಯ. ನಿನ್ನ ತಪ್ಪಲ್ಲ, ಹಾಗೆ ನೋಡುವಂತೆ ಮಾಡಿದವನು ನಾನು.

ಬಾರಿಗೆ ಫೋನ್ ಮಾಡು. ನೆಲ್ಲೊನನ್ನು ಕೇಳು.

ಅಪ್ಪ